ಹತ್ತಿ ಕೋಣೆಯ ಒಲೆ

ನಮ್ಮ ಅಜ್ಜಿಗೆ ಯಾರಿಗಾದರೂ ಉಪಕಾರ ಮಾಡಬೇಕೆನಿಸಿದರೆ ಮುಗಿಯಿತು, ಮಾಡಿಸಿಕೊಂಡವರು ಸುಸ್ತಾಗಬೇಕು. ಆ ವರ್ಷ ಅವಳ ಕೈಗೆ ಸಿಕ್ಕವಳು ಎಮ್ಮೆದೊಡ್ಡಿ ಕಡೆಯ ಒಬ್ಬ ಹೆಂಗಸು. ಗಂಡ ಸಾಹುಕಾರರೊಬ್ಬರ ದನ ಕಾಯುತ್ತಿದ್ದ. ಪ್ಲೇಗಿನಲ್ಲಿ ಅವನು ಹೋದ ಮೇಲೆ ಅವರು ಕೊಟ್ಟಿದ್ದ ಗುಡಿಸಲೂ ಹೋಯಿತು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಜ್ಜಂಪುರದ ಸ್ಟೇಷನ್ನಿನಲ್ಲಿ ಮೂರು ದಿನದಿಂದ ಕೂತಿದ್ದಾಳೆಂದು ಕೇಳಿದ್ದೇ ತಡ, ಅಜ್ಜಿ ಹೋಗಿ ಕರೆದುಕೊಂಡು ಬಂದಳು.

ನಮ್ಮ ಹಿತ್ತಲಿನ ಹತ್ತಿ ಕೋಣೆಯಲ್ಲಿ ಅರ್ಧ ಜಾಗ ಅವರಿಗೆ ಬಿಟ್ಟಾಯಿತು. ಹತ್ತಿ ಬಿಡಿಸುವ ಕೂಲಿಗೂ ಹಚ್ಚಿದ್ದಾಯಿತು. ಆದರೆ ಹತ್ತಿ ಇದ್ದ ಕಡೆ ದೀಪ ಹಚ್ಚಲೂ ಅಜ್ಜಿ ಬಿಡುತ್ತಿರಲಿಲ್ಲ, ಇನ್ನು ಒಲೆಯ ಮಾತೆಲ್ಲಿ? ಎರಡು ಹೊತ್ತೂ ನಮ್ಮ ಅಡುಗೆಮನೆಯಿಂದಲೇ ಊಟ ಹೋಗುತ್ತಿತ್ತು. ಒಯ್ಯುವವಳು ನಾನು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಹೋದಾಗ ಅವಳು ಗಂಟು ಕಟ್ಟುತ್ತಿದ್ದಳು. ತರೀಕೆರೆ ಕಡೆ ಹೋಗುತ್ತೇನೆ ಎಂದಳು. ಅಲ್ಲಿ ಯಾರಿದ್ದಾರೆಂದು ಕೇಳಿದರೆ ಯಾರೂ ಇಲ್ಲವಂತೆ. ಅವಳ ಚಿಕ್ಕ ಮಗಳೆಂದರೆ ನನಗೆ ಪ್ರಾಣ. ಓಡಿಹೋಗಿ ಅಜ್ಜಿಯನ್ನು ಕರೆತಂದೆ.

ಅಜ್ಜಿಗೆ ಸಿಟ್ಟು ನೆತ್ತಿಗೇರಿತ್ತು. ಊಟಕ್ಕೆ ಕಡಿಮೆ ಮಾಡಿದ್ದೇನೆಯೇ, ಹಾಸಲು ಹೊದೆಯಲು ಕೊಟ್ಟಿಲ್ಲವೇ, ಮಕ್ಕಳನ್ನು ಮತ್ತೆ ಬೀದಿಗೆ ಹಾಕುತ್ತೀಯಾ ಎಂದು ಒಂದೇ ಉಸಿರಿಗೆ ಬಯ್ದಳು. ಆ ಹೆಂಗಸು ಗಂಟು ಬಿಗಿಯುತ್ತಲೇ ಹೇಳಿದಳು:

“ಊಟಕ್ಕೇನೂ ಕಮ್ಮಿ ಇಲ್ಲ ಕಣವ್ವಾ. ಹಸಿವಾದ್ರೆ ನನ್ನ ಮಕ್ಳು ನನ್ನ ಮುಖ ನೋಡಲ್ಲ, ನಿಮ್ಮ ಹಿತ್ತಲ ಬಾಗ್ಲು ನೋಡ್ತಾವೆ.”

ಅಜ್ಜಿ ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿ, ಸಂಜೆಯವರೆಗೆ ನಿಲ್ಲು ಎಂದಳು. ಆಮೇಲೆ ಮನೆಗೆ ಬಂದು ಆಳುಗಳನ್ನು ಕರೆದಳು. ಮಧ್ಯಾಹ್ನದೊಳಗೆ ಹತ್ತಿಯೆಲ್ಲ ನಮ್ಮ ಪಡಸಾಲೆಗೆ ಬಂತು. ತಾತ ಗೊಣಗಿದರು; ಹತ್ತಿ ಮಾರಿ ಮುಗಿಯುವವರೆಗೆ ನಾವೆಲ್ಲ ಮೂಟೆಗಳ ಸಂದಿಯಲ್ಲೇ ಸೀನುತ್ತಾ ಮಲಗಿದೆವು. ಒಲೆಗೆ ಬೇಕಾದ ಮಣ್ಣನ್ನು ಅಜ್ಜಿ ತರಿಸಿಕೊಟ್ಟಳೇ ಹೊರತು ತಾನು ಒಲೆ ಹಾಕಲಿಲ್ಲ. ಅವಳ ಕೈ ತುರಿಸುತ್ತಿತ್ತು, ನನಗೆ ಗೊತ್ತು. ಆದರೆ ಒಲೆಯನ್ನು ಆ ಮನೆಯ ಹೆಂಗಸೇ ಹಾಕಬೇಕು, ಅದು ನಮ್ಮಲ್ಲಿಯ ಪದ್ಧತಿ.

ಒಲೆ ಒಣಗಿ, ಮೊದಲ ಸಲ ಹೊಗೆ ಎದ್ದ ದಿನ ಅಜ್ಜಿ ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಒಳಗೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ತಾನೇ ಕಟ್ಟಿಸಿದ ಕೋಣೆಯ ಹೊಸಿಲಿನ ಹೊರಗೆ ನಿಂತು ನನ್ನ ಅಜ್ಜಿ ಕೇಳಿದಳು:

“ಒಳಕ್ಕೆ ಬರ್ಲೇನೇ?”