ಪಿಲಿ ಬತ್ತ್ಂಡ್

ಮುಂಬೈ ಪಕ್ಕದ ಠಾಣೆಯ ಯೆಯೂರು ಗುಡ್ಡದ ಬುಡದಲ್ಲಿರುವ ನಮ್ಮ ಸೊಸೈಟಿಯಲ್ಲಿ ದಮಯಂತಕ್ಕನಷ್ಟು ತುಳು ಮಾತಾಡುವವರು ಇನ್ನೊಬ್ಬರಿಲ್ಲ. ಕೇಳುವವರೂ ಇಲ್ಲ, ಆ ಮಾತು ಬೇರೆ. ಗಂಡ ಹೋದ ಮೇಲೆ ಮನೆಯಲ್ಲಿ ಉಳಿದವನು ಮಗ ಯತಿನ್. ಇಲ್ಲೇ ಹುಟ್ಟಿದವನು, ತಾಯಿ ತುಳುವಿನಲ್ಲಿ ಹತ್ತು ಮಾತಾಡಿದರೆ ಫೋನಿನಿಂದ ಕಣ್ಣೆತ್ತದೆ ಹಿಂದಿಯಲ್ಲಿ ಒಂದು ಹೇಳುತ್ತಾನೆ. ಮೇಲಿನ ಮನೆಯ ನನಗೆ ಎಷ್ಟೋ ಸಲ ಅವನ ಕಿವಿ ಹಿಂಡೋಣ ಅನ್ನಿಸಿದೆ.

ಹಾಗಾಗಿ ಅಕ್ಕನ ಮಾತೆಲ್ಲ ಬೆಕ್ಕಿನ ಜೊತೆ. ಮೈತುಂಬ ಪಟ್ಟೆಯ ಹಳದಿ ಗಂಡುಬೆಕ್ಕು, ಹೆಸರು ಪಿಲಿ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಚಿರತೆ ಬಂದರೂ ಅವರ ಊರಲ್ಲಿ ಕೂಗುವುದು ಪಿಲಿ ಎಂದೇ. ಹೆಸರಿಗೆ ಪಿಲಿ, ಧೈರ್ಯಕ್ಕೆ ಇಲಿ! ಗ್ರಿಲ್ಲಿನಾಚೆ ಮೈನಾ ಕುಳಿತರೆ ಹಲ್ಲು ಕಟಕಟಿಸುವ ಶೂರ, ಗುಡ್ಡದ ಮಂಗ ಇಳಿದು ಬಂದರೆ ಗ್ಯಾಸ್ ಸಿಲಿಂಡರಿನ ಹಿಂದೆ. "ದಾನೆ ಪಿಲಿ, ಪೋಡಿಗೆ ಆಂಡಾ?" ಹೆದರಿಕೆ ಆಯಿತಾ ಎಂದು ಅಕ್ಕ ಕೇಳಿದರೆ ಮೆಲ್ಲಗೆ ಬಂದು ಅವರ ಕಾಲಿಗೆ ಮೈ ತಿಕ್ಕುತ್ತಿತ್ತು.

ಈ ಬೇಸಗೆಯಲ್ಲಿ ಕಾಂಪೌಂಡಿನ ಬೀದಿನಾಯಿಗಳು ಒಂದೊಂದಾಗಿ ಕಾಣೆಯಾದವು. ವಾಚ್‌ಮನ್ "ಬಿಬಟ್ಯಾ" ಎಂದ. ಮರಾಠಿಯವರ ಚಿರತೆ. ಅಂದಿನಿಂದ ಅಕ್ಕ ಹೊತ್ತು ಮುಳುಗುವ ಮೊದಲೇ ಪಿಲಿಯನ್ನು ಒಳಗೆ ಕೂಡಿ ಹಿಂಬಾಗಿಲು ಹಾಕುವರು. ಅದೊಂದು ಉಳಿದರೆ ಸಾಕಿತ್ತು ಅವರಿಗೆ.

ಒಂದು ಮುಸ್ಸಂಜೆ ಅಕ್ಕ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನ ಗೋಡೆಯ ಮೇಲೆ ಚಿರತೆ ಕಂಡಿತು. ಹೆದರಿದ ಬಾಯಿಗೆ ಬರುವುದು ತಾಯಿಮಾತು ತಾನೇ? "ಪಿಲಿ ಬತ್ತ್ಂಡ್! ಪಿಲಿ ಬತ್ತ್ಂಡ್!" ಎಂದು ಕಿರುಚಿದರು. ಪಿಲಿ ಬಂತು!

ಯತಿನ್‌ಗೆ ಪಿಲಿ ಎಂದರೆ ಬೆಕ್ಕು. ಹೊರಗುಳಿದ ಬೆಕ್ಕು ಬಂದಿದೆ, ಬಾಗಿಲು ತೆಗೆಯಲು ಅಮ್ಮ ಅರಚುತ್ತಿದ್ದಾರೆ ಎಂದುಕೊಂಡ. "ಅರೇ, ಖೋಲ್‌ತಾ ಹೂಂ ನಾ ಮಮ್ಮಿ" ಎನ್ನುತ್ತ ಹಿಂಬಾಗಿಲು ತೆರೆದೇಬಿಟ್ಟ. ಫ್ರಿಜ್ಜಿನ ಮೇಲೆ ಮಲಗಿದ್ದ ಬೆಕ್ಕು ಆ ಗದ್ದಲಕ್ಕೆ ಬೆದರಿ ಹಾರಿ, ಅವನ ಕಾಲ ನಡುವೆ ನುಸುಳಿ ಹೊರಗೋಡಿತು. ಸೋಪಿನ ಕೈಯಲ್ಲಿ ಅಕ್ಕ ತಿರುಗುವಷ್ಟರಲ್ಲಿ ಮುಗಿದಿತ್ತು. ಚಿರತೆಯ ಬಾಯಿಗೆ ಸಿಕ್ಕ ಅದರ ಕೂಗು ಮೇಲಿದ್ದ ನನಗೂ ಕೇಳಿಸಿತು.

ನಾನು ಓಡಿ ಇಳಿದಾಗ ಮಗರಾಯ ಬಿಬಟ್ಯಾ ಅನ್ನಬೇಕಿತ್ತೆಂದು ತಾಯಿಯ ಮೇಲೆಯೇ ರೇಗುತ್ತಿದ್ದ: "ಬಿಬಟ್ಯಾ ಬೋಲ್‌ನಾ ಥಾ ನಾ!"

ಥೂ! ಹೆತ್ತವಳ ಒಂದು ಪದ ಕಲಿತಿದ್ದರೆ ಇವನ ನಾಲಗೆ ಸವೆಯುತ್ತಿತ್ತೇ?

ಮುಂದಿನ ವಾರ ಅವನೇ ಎಲ್ಲಿಂದಲೋ ಒಂದು ಬೆಕ್ಕಿನ ಮರಿ ತಂದ. ತಾಯಿಯ ಮುಂದೆ ಇಟ್ಟು, ಹೆಸರೇನಿಡೋಣ ಎಂದು ತಡವರಿಸುತ್ತ ಕೇಳಿದ. ಅವನ ಬಾಯಿಂದ ನಾನು ಕೇಳಿಸಿಕೊಂಡ ಮೊದಲ ತುಳು ಅದು: "ಪುದರ್... ಪುದರ್ ದಾದ, ಮಮ್ಮಿ?"

ದಮಯಂತಕ್ಕ ಮರಿಯನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ.

"ಕುಛ್ ಭೀ ರಖ್." ಏನಾದರೂ ಇಡು ಎಂದರು, ಹಿಂದಿಯಲ್ಲಿ.