ಹೂ ಬಿಡದ ಗಿಡ

ನಮ್ಮ ಮನೆಯಲ್ಲಿ ಈ ವಾರ ದೊಡ್ಡ ತಕರಾರು. ವಾದಿ ಅವ್ವ, ಪ್ರತಿವಾದಿ ನಾನು. ಜಗಳ ಅಂಗಳದ ಬೇವಿನ ನೆರಳಿಗಾಗಿ. (ಲಿಂಗಸುಗೂರಿನ ಬಿಸಿಲು ಬಲ್ಲವರು ನಗಬಾರದು.)

ಹೋದ ತಿಂಗಳು ಹೈದರಾಬಾದಿಗೆ ಹೋಗಿದ್ದಾಗ ಅಲ್ಲಿನ ಗೆಳೆಯ, ವಕೀಲ ಖಾದರ್ ಸಾಹೇಬರು, ಒದ್ದೆ ಬಟ್ಟೆಯಲ್ಲಿ ಸುತ್ತಿ ಗಿಡದ ತುಂಡುಗಳನ್ನು ಕೊಟ್ಟರು. ಎಲೆಯ ನಡುವೆ ಕುಂಕುಮದ ಕೆಂಪು, ಅಂಚಿಗೆ ಹಸಿರು. ಅಲ್ಲಿನ ಬಂಗಲೆಗಳಲ್ಲಿ ಈಗ ಇದೇ ಫ್ಯಾಶನ್! ವರ್ಷಗಟ್ಟಲೆ ಬಾಳುತ್ತದಂತೆ, ಆದರೆ ನೆರಳು ಬೇಕು. ರಾಯಚೂರಿನವರೆಗೆ ರೈಲು, ಅಲ್ಲಿಂದ ಮೋಟಾರು. ತೊಡೆಯ ಮೇಲಿಟ್ಟುಕೊಂಡೇ ತಂದೆ.

ನಮ್ಮಲ್ಲಿರುವುದು ಒಂದೇ ನೆರಳು. ಅದು ಎಮ್ಮೆಯದು. ಎಮ್ಮೆಯನ್ನು ಗೋಡೆಯ ಬದಿಗೆ ಕಟ್ಟಿ ಗಿಡ ನೆಟ್ಟೆ. ಬಚ್ಚಲ ನೀರು ಕುಡಿದು ಅದು ಚೆನ್ನಾಗಿ ಕೊಬ್ಬಿತು.

ಅವ್ವ ವಿಚಾರಣೆಗೆ ನಿಂತಳು.

"ಹೂವ ಬಿಡ್ತೈತೇನು?"

"ಇಲ್ಲವ್ವಾ. ಬಿಟ್ರೂ ಚಿವುಟಿ ಒಗೀಬೇಕಂತ."

"ಪಲ್ಯಾ ಮಾಡಾಕ ಬರ್ತೈತೇನು?"

"ಇಲ್ಲ. ಬರೇ ನೋಡಾಕ."

"ನೋಡಾಕ! ಎಮ್ಮಿ ಬಿಸಿಲಾಗ ನಿಂದ್ರಿಸಿ ಎಲಿಗೆ ನೆರಳು ಕೊಟ್ಟೀಯಲ್ಲ, ತಲಿ ನೆಟ್ಟಗೈತೇನಲೇ?"

ಮರುದಿನ ಎಮ್ಮೆಯನ್ನೇ ಸಾಕ್ಷಿಗೆ ಕರೆತಂದಳು. ಅದು ಎಲೆ ಮೂಸಿ ಮುಖ ತಿರುವಿತು.

"ನೋಡು, ಎಮ್ಮಿ ಸುದ್ದಾ ಒಲ್ಲೆ ಅಂತು. ಸೋಮವಾರ ಕಿತ್ತು ಒಗೀತೀನಿ."

ಅವ್ವನ ಹುಕುಂ ಎಂದರೆ ಹುಕುಂ. ಅದರ ಮೇಲೆ ಅಪೀಲು ಎಲ್ಲಿದೆ?

ಸೋಮವಾರ ಮಧ್ಯಾಹ್ನ ನಿದ್ದೆಯಿಂದೆದ್ದು ಅಂಗಳಕ್ಕೆ ಓಡಿ ಬಂದೆ. ಗಿಡ ಇತ್ತು. ಪಕ್ಕದಲ್ಲಿ ಅವ್ವ ಕುಳಿತಿದ್ದಳು. ಒಂದು ಎಲೆ ಚಿವುಟಿ, ಅತ್ತಿತ್ತ ನೋಡಿ, ತುರುಬಿಗೆ ಸಿಕ್ಕಿಸಿಕೊಂಡಳು.

ಅಪ್ಪ ಹೋದ ಮೇಲೆ ಆ ತುರುಬು ಹೂ ಕಂಡಿಲ್ಲ. ವಿಧವೆ ಹೂ ಮುಡಿಯಬಾರದು, ಗೊತ್ತಲ್ಲ?

ನನ್ನನ್ನು ಕಂಡು ಗದರಿದಳು: "ಏನ್ ಕಣ್ ಬಿಟ್ಕೊಂಡು ನೋಡಾಕತ್ತಿ? ಇದೇನು ಹೂವೇನು?"

"ಅಲ್ಲವ್ವಾ. ಎಲಿ."

"ಮತ್ತ? ಎಲಿ ಮುಡೀಬ್ಯಾಡಂತ ನನಗ ಯಾರೂ ಹೇಳಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಗಂಗಮ್ಮ ಬಂದಳು. ಹಣೆ ತುಂಬ ಕುಂಕುಮ, ಮುಡಿ ತುಂಬ ಮಲ್ಲಿಗೆ. (ನಮ್ಮ ಓಣಿಯ ಗೆಜೆಟ್ಟು ಈಕೆಯೇ.) ಅವ್ವನ ತುರುಬನ್ನೇ ದಿಟ್ಟಿಸಿದಳು. ಅವ್ವ ಸೆರಗು ಎಳೆದುಕೊಳ್ಳಲಿಲ್ಲ. ಇನ್ನು ಊರೆಲ್ಲ ಗುಲ್ಲು ಎಂದುಕೊಂಡೆ.

"ಚಂದ ಕಾಣ್ತೈತ್ರೀ ಅತ್ತಿ," ಎಂದಳು ಗಂಗಮ್ಮ. "ನನಗೂ ಒಂದು ಕೊಡ್ರಿ."

ಎಮ್ಮೆಗೆ ಹಿತ್ತಲಲ್ಲಿ ಚಪ್ಪರ ಹಾಕಿಸಿದ್ದೇನೆ. ಹೂ ಬಿಡದ ಗಿಡ ಯಾತಕ್ಕೆ ಎಂದು ಕೇಳುವವರು ಇನ್ನೂ ಇದ್ದೀರಾ?