ಅರಳಿ ಮರದಡಿ ಅವ್ವ

ಬೋಧಗಯೆಗೆ ಹೊರಡುವಾಗ ಅವ್ವನ ಬೇಡಿಕೆ ಒಂದೇ ಇತ್ತು. ಬುದ್ಧ ಕೂತಿದ್ದ ಮರದಡಿ ತಾನೂ ಒಂದು ಗಳಿಗೆ ಕೂರಬೇಕು. ಗುಡಿ ಗೋಪುರವನ್ನೆಲ್ಲ ನೀವು ನೋಡಿಕೊಳ್ಳಿ ಎಂದಿದ್ದಳು. ನಂಜನಗೂಡಿನ ಫ್ಯಾಕ್ಟರಿಗೆ ರಜೆ ಹಾಕಿ, ನರಸೀಪುರದ ಹತ್ತಿರದ ನಮ್ಮೂರಿನ ನಮ್ಮ ಬೀದಿಯವರ ಜೊತೆ ನಾನೂ ರೈಲು ಹತ್ತಿದೆ. ಅವ್ವ ತಂದಿದ್ದ ಚಟ್ನಿಪುಡಿಗೆ ಇಡೀ ಬೋಗಿಯೇ ನೆಂಟಸ್ತನ ಬೆಳೆಸಿತು. ಬಿಹಾರದ ಮುದುಕಿಯೊಬ್ಬಳು ಹಿಂದಿಯಲ್ಲಿ, ಇವಳು ಕನ್ನಡದಲ್ಲಿ ಗಂಟೆಗಟ್ಟಲೆ ಮಂಡಿನೋವಿನ ಮಾತಾಡಿದರು. ಇಬ್ಬರಿಗೂ ಎಲ್ಲ ಅರ್ಥವಾಯಿತಂತೆ.

ದೇವಾಲಯದ ಬೆನ್ನಿಗೇ ಆ ಅರಳಿ ಮರ. ನಮ್ಮನ್ನು ಕರೆತಂದಿದ್ದ ನಿವೃತ್ತ ಮೇಷ್ಟ್ರು ಪಾಠ ಶುರುಮಾಡಿದರು. "ಮೂಲ ಮರದ ಕೊಂಬೆ ಸಿಂಹಳಕ್ಕೆ ಹೋಯ್ತು. ಇಲ್ಲಿನ ಮರ ಹೋದ್ಮೇಲೆ ಅಲ್ಲಿಂದ ಸಸಿ ತಂದು ನೆಟ್ರಂತೆ."

"ಮೊಮ್ಮಗಳು ತವರಿಗೆ ಬಂದವ್ಳೆ ಅನ್ನಿ ಮೇಷ್ಟ್ರೇ," ಎಂದಳು ಅವ್ವ. ಪಾಠ ಅಲ್ಲಿಗೇ ಮುಗಿಯಿತು.

ಎಲ್ಲರೂ ಮರದ ಸುತ್ತ ಜಾಗ ಹಿಡಿದು ಕೂತರು. ಅವ್ವ ಮಾತ್ರ ನೆರಳಿನ ಅಂಚಿನಲ್ಲೇ ನಿಂತುಬಿಟ್ಟಳು.

"ಬಾರವ್ವ, ಕೂತ್ಕೋ."

"ಯಾರ್ನಾರ ಒಂದ್ ಮಾತ್ ಕೇಳ್ಲಾ, ಕೂರ್ಬೋದಾ ಅಂತ."

ನನಗೆ ರೇಗಿತು. "ಮರ ನಿಮ್ಮಪ್ಪಂದೇ ಅಂದ್ಕೊಂಡು ಕೂತ್ಕೋ" ಎಂದುಬಿಟ್ಟೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮೂರ ಅರಳಿಕಟ್ಟೆಯ ಮೇಲೆ ಆಗೆಲ್ಲ ನಮ್ಮ ಬೀದಿಯವರು ಕೂರುವಂತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಿದ್ದ ಅವ್ವ, ಹುಲ್ಲಿನ ಹೊರೆ ಇಳಿಸಿ ತಿಳಿಯದೆ ಅಲ್ಲಿ ಕೂತಿದ್ದಳಂತೆ. "ಏಳಮ್ಮಿ ಮ್ಯಾಕೆ" ಎಂದು ಗದರಿ ಎಬ್ಬಿಸಿದ್ದರು. ಈಗ ನಾನು ಅದೇ ಕಟ್ಟೆಯ ಮೇಲೆ ಕಾಲಾಡಿಸುತ್ತಾ ಮೊಬೈಲ್ ನೋಡುತ್ತೇನೆ. ಅವ್ವ ಮಾತ್ರ ಇವತ್ತಿಗೂ ಅದನ್ನು ಸರಸರನೆ ದಾಟಿಬಿಡುತ್ತಾಳೆ.

ಅವ್ವ ಇನ್ನೂ ನೆರಳಿನ ಅಂಚಿನಲ್ಲೇ ಇದ್ದಳು. ಅಷ್ಟರಲ್ಲಿ ಯಾವ ದೇಶದವರೋ ಒಬ್ಬ ಭಿಕ್ಕುಣಿ ಪಕ್ಕಕ್ಕೆ ಸರಿದು, ತಮ್ಮ ಚಾಪೆ ತಟ್ಟಿ ಕರೆದರು. ಅವ್ವ ನನ್ನ ಮುಖ ನೋಡಿದಳು, ಮೇಷ್ಟ್ರ ಮುಖ ನೋಡಿದಳು, ಆಮೇಲೆ ಹೋಗಿ ಚಾಪೆಯ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಆರಾಮಾಗಿ ಕಾಲು ನೀಡಿದಳು. ಮರದಿಂದ ಒಂದು ಎಲೆ ಉದುರಿತು, ಹತ್ತು ಜನ ಮುಗಿಬಿದ್ದರು. ಅವಳು ಕದಲಲಿಲ್ಲ.

ಊಟಕ್ಕೆ ಹೊತ್ತಾಯಿತೆಂದು ಮೇಷ್ಟ್ರು ಅವಸರ ಮಾಡಿದರು. ನಮ್ಮವರೆಲ್ಲ ಎದ್ದರು. ನಾನು ಅವ್ವನ ಬಳಿ ಹೋಗಿ, "ಏಳವ್ವ, ಓಗೋಣ" ಎಂದೆ.

"ಇಷ್ಟೊತ್ತಾದ್ರೂ ಇಲ್ಲಿ ಯಾರೂ ಏಳು ಅಂದಿಲ್ಲ ಕಣ್ಲಾ," ಎಂದಳು ಅವ್ವ. "ನೀನ್ಯಾಕ್ ಅಂತೀಯ?"

ಆ ದಿನ ನಾವಿಬ್ಬರೂ ಊಟಕ್ಕೆ ಹೋಗಲಿಲ್ಲ.